ಚಕ್ರದ ಒಂದು ಸ್ಟಡ್ಡೂ ನಮ್ಮ ಉದಾಸೀನವೂ



ಗೊಬ್ಬರ, ಸುಣ್ಣ, ಮೈಲುತುತ್ತಗಳ ದಾಸ್ತಾನಿನ ಬಗ್ಗೆ ನಾವು ತೋರುವ ಕಾಳಜಿಯ ನೂರರಲ್ಲೊಂದು ಪಾಲನ್ನೂ ಅವನ್ನು ಹೊತ್ತು ತರುವ ಗಾಡಿಯ ಚಕ್ರದ ಬಗ್ಗೆ ತೋರುವುದಿಲ್ಲ. ಸಂಘದ ಗೋದಾಮಿನ ಅಂಗಳದಲ್ಲಿ ನಿಂತ ಜೀಪು, ಪಿಕಪ್ಪುಗಳನ್ನು ನೋಡುತ್ತ ಹೋದರೆ ಐದು ನಟ್ಟಿರಬೇಕಾದಲ್ಲಿ ನಾಲ್ಕೇ ಇರುವ ಚಕ್ರ ಕಣ್ಣಿಗೆ ಬೀಳುತ್ತದೆ. ಕೇಳಿದರೆ, "ಒಂದು ಸ್ಟಡ್ ಮುರಿದಿದೆ, ಉಳಿದವು ಗಟ್ಟಿಯಾಗಿವೆ, ಕೊಯ್ಲು ಮುಗಿಯಲಿ" ಎಂಬ ಉತ್ತರ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ.

ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುವುದು ಸ್ಟಡ್ಡುಗಳ ಬಿಗಿತ. ಒಂದು ಹೋದರೆ ಅದರ ಪಾಲಿನ ಭಾರ ಅಕ್ಕಪಕ್ಕದವುಗಳ ಮೇಲೆ ಬಿದ್ದು, ಚಕ್ರ ತಿರುಗಿದಂತೆಲ್ಲ ಅವೂ ದಣಿಯುತ್ತವೆ. ಎರಡನೆಯದು ಮನೆಯಂಗಳದಲ್ಲೇ ಮುರಿಯಬೇಕೆಂದಿಲ್ಲ. ಘಾಟಿಯ ತಿರುವಿನಲ್ಲಿ, ಹಿಂದೆ ಆಳುಗಳು ಕುಳಿತಿರುವಾಗಲೂ ಮುರಿದೀತು.

ಮುರಿಯಲು ಮುಖ್ಯ ಕಾರಣ ಅತಿ ಬಿಗಿತ. ಕಳೆದ ಮಳೆಗಾಲದಲ್ಲಿ ನಾವು ಕೆಲವರು ಗೋಕಾಕ ಫಾಲ್ಸ್‌ಗೆ ಹೋಗಿದ್ದಾಗ, ಹಿಂದಿನ ದಿನ ದಾರಿಯ ಪಂಚರ್ ಅಂಗಡಿಯೊಂದರಲ್ಲಿ ಗಾಳಿ ಗನ್ನಿನಿಂದ ಬಿಗಿದಿದ್ದ ನಟ್ಟನ್ನು ಬಿಚ್ಚುವಾಗ ಸ್ಟಡ್ಡೇ ತುಂಡಾಯಿತು. ಘಟಪ್ರಭೆ 52 ಮೀಟರ್ ಧುಮುಕುವ ಕಡೆ, ನೀರಿನ ಬಲವನ್ನರಸಿ 1885ರಲ್ಲಿ ನೂಲಿನ ಗಿರಣಿಯನ್ನೇ ತಂದು ನಿಲ್ಲಿಸಿದ ಊರದು. ಅಲ್ಲಿ ಅಂಗೈಯಲ್ಲಿ ಅಡಗುವ ಕಬ್ಬಿಣದ ತುಂಡಿಗಾಗಿ ಅರ್ಧ ದಿನ ಕಾದೆವು. ಇನ್ನು ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಎಡಬದಿಯ ಚಕ್ರಕ್ಕೆ ಉಲ್ಟಾ ಥ್ರೆಡ್ ಇರುತ್ತದೆ. ತಿಳಿಯದವರು ಬಿಚ್ಚುತ್ತೇವೆಂದು ಬಿಗಿಯುತ್ತಲೇ ಹೋಗಿ ಮುರಿಯುತ್ತಾರೆ.

ಸರಿಯಾದ ಸ್ಟಡ್ ಕೈಯಲ್ಲಿದ್ದರೆ ಕೂರಿಸುವುದು ಬ್ರಹ್ಮವಿದ್ಯೆಯಲ್ಲ. ಸಮನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಜಾಕಿಯೊಂದನ್ನೇ ನಂಬದೆ ಸ್ಟ್ಯಾಂಡನ್ನೂ ಇಡಿ. ಚಕ್ರ, ಡ್ರಮ್ ಅಥವಾ ಡಿಸ್ಕ್ ಕಳಚಿದರೆ ಮುರಿದ ತುಂಡನ್ನು ಹಿಂದಕ್ಕೆ ಬಡಿದು ತೆಗೆಯಬಹುದು. ಹೊಸದನ್ನು ಹಿಂದಿನಿಂದ ತೂರಿಸಿ, ಅದರ ಹಲ್ಲುಗಳನ್ನು ಹಬ್ಬಿನ ಹಳೆಯ ಗೀರುಗಳಿಗೆ ಹೊಂದಿಸಿ. ಮುಂದಿನಿಂದ ದಪ್ಪ ವಾಷರುಗಳನ್ನು ಹಾಕಿ, ಹಳೆಯ ನಟ್ಟಿನಿಂದ ತಲೆ ಅಂಟಿ ಕೂರುವವರೆಗೆ ಎಳೆದುಕೊಳ್ಳಿ. ಆಮೇಲೆ ಆ ನಟ್ಟನ್ನು ಎಸೆದು ಹೊಸದನ್ನು ಹಾಕಿ. ಎದುರುಬದುರಾಗಿ, ಗಾಡಿಯ ಪುಸ್ತಕ ಹೇಳಿದಷ್ಟೇ ಬಿಗಿಯಿರಿ. ಪಾನದ ಮೇಲೆ ಹತ್ತಿ ನಿಲ್ಲಬೇಡಿ. ಥ್ರೆಡ್ಡಿಗೆ ಗ್ರೀಸ್ ಬೇಡ, ಅದರಿಂದ ಬಿಗಿತ ಮಿತಿ ಮೀರುತ್ತದೆ. ಐವತ್ತು ಅರವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಎಲ್ಲವನ್ನೂ ಮನೆಯಲ್ಲೇ ಮಾಡಿರೆಂದು ನಾವು ಹೇಳುತ್ತಿಲ್ಲ. ಸ್ಟಡ್ ಹೊರಬರಲು ಹಿಂದೆ ಜಾಗವಿಲ್ಲದಿದ್ದರೆ, ಡ್ರಮ್ಮಿಗೆ ಜಜ್ಜಿ ಕೂರಿಸಿದ್ದರೆ, ಬೇರಿಂಗಿಗೆ ಪೆಟ್ಟು ಬೀಳುವಂತಿದ್ದರೆ ವರ್ಕ್‌ಶಾಪೇ ಸರಿ. ಆದರೆ ಮುರಿದ ಸ್ಟಡ್ಡಿಗೆ ವೆಲ್ಡಿಂಗ್ ಮಾತ್ರ ಎಂದಿಗೂ ಬೇಡ; ಕಾಯಿಸಿದ ಉಕ್ಕು ತನ್ನ ಗುಣ ಕಳೆದುಕೊಳ್ಳುತ್ತದೆ.

ಆದ್ದರಿಂದ ನಮ್ಮ ಸಲಹೆ ಎರಡು. ಪ್ರತಿ ಸದಸ್ಯರೂ ತಮ್ಮ ಗಾಡಿಯ ಅಳತೆಯ ಎರಡು ಸ್ಟಡ್, ಎರಡು ನಟ್ಟನ್ನು ಗಾಡಿಯಲ್ಲೇ ಇಟ್ಟುಕೊಳ್ಳಲಿ. ಸಂಘದ ಮಳಿಗೆಯಲ್ಲಿ, ಸದಸ್ಯರ ಗಾಡಿಗಳ ಪಟ್ಟಿ ಮಾಡಿ, ಕಂಪನಿಯ ಅಸಲು ಮಾಲನ್ನೇ ಒಟ್ಟಾಗಿ ತರಿಸಿಡೋಣ. ಗೊಬ್ಬರದ ಸಂಘಕ್ಕೆ ನಟ್ಟು ಬೋಲ್ಟಿನ ಉಸಾಬರಿ ಏಕೆ ಎಂದು ಕೆಲವರು ಕೇಳಿಯಾರು. ಕೊಯ್ದ ಕಾಫಿ ಹಣ್ಣು ಅಂದೇ ಪಲ್ಪರಿಗೆ ಬೀಳದಿದ್ದರೆ ಹುಳಿತು ಗುಣ ಕೆಡುತ್ತದೆ. ಕೊಯ್ದ ಹಸಿ ಅಡಿಕೆಯೂ ಸುಲಿಯುವ ಮನೆಗೆ ತಡವಾಗಿ ಬರುವಂತಿಲ್ಲ. ಚಕ್ರ ನಿಂತರೆ ಬೆಳೆಯೂ ನಿಂತಂತೆಯೇ. ಅದಕ್ಕಿಂತ ದೊಡ್ಡ ಮಾತೆಂದರೆ, ನಮ್ಮನ್ನು ನಂಬಿ ಗಾಡಿ ಹತ್ತುವ ಆಳುಗಳ ಜೀವ. ಮುಂದಿನ ಸಭೆಗೆ ಬರುವ ಮೊದಲು ಒಮ್ಮೆ ಬಗ್ಗಿ ನಿಮ್ಮ ಗಾಡಿಯ ನಟ್ಟುಗಳನ್ನು ಎಣಿಸಿ ಬನ್ನಿರೆಂದು ವಿನಂತಿ.

— ಕಾರ್ಯದರ್ಶಿ