ಕೊಬ್ಬರಿಗುಂಟು ಗಾಳಿ, ಮಗುವಿಗೆ?

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯ ಸೀಮೆಯಲ್ಲಿ ತೆಂಗಿನ ತೋಟವುಳ್ಳವರ ಹಳೆಯ ಮನೆಗಳನ್ನು ಕಂಡವರು ಅಟ್ಟಕ್ಕಿರುವ ಮರ್ಯಾದೆಯನ್ನೂ ಕಂಡಿರಬೇಕು. ಉಂಡೆ ಕೊಬ್ಬರಿಯಾಗಬೇಕಾದ ಬಲಿತ ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಲ್ಲಿಯೇ ತಪಸ್ಸು ಮಾಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗುಡುಗುಡು ಸದ್ದು ಬರುವವರೆಗೂ ಅದಕ್ಕೆ ಗಾಳಿ ಬೇಕು. ಅದಕ್ಕೆಂದೇ ಅಟ್ಟದ ತಳಕ್ಕೆ ಸಂದು ಬಿಟ್ಟು ದಬ್ಬೆ ಹಾಸುತ್ತಾರೆ. ಬೂಷ್ಟು ಹಿಡಿದ ಕೊಬ್ಬರಿಗೆ ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ ಎಲ್ಲಿಯದು?

ಅದೇ ಮನೆಯ ಯಜಮಾನರು ಮಗುವಿಗೆ ಶಾಲೆ ಹುಡುಕಲು ಹೊರಟಾಗ ಶುಲ್ಕ, ಬಸ್ಸು, ಪರೀಕ್ಷೆಯ ಫಲಿತಾಂಶಗಳನ್ನು ವಿಚಾರಿಸಿಕೊಂಡು ಬರುತ್ತಾರೆ. ಕೋಣೆಗೆಷ್ಟು ಕಿಟಕಿ ಎಂದು ಕೇಳುವುದಿಲ್ಲ. ಬೆಂಗಳೂರಿನ ಪಾಲಕರು ಈ ವಿಷಯದಲ್ಲಿ ಹೆಚ್ಚು ಜಾಣರೇನೂ ಅಲ್ಲ. ಹವಾನಿಯಂತ್ರಿತ ತರಗತಿಯೆಂದರೆ ಸಂತೋಷದಿಂದಲೇ ಹೆಚ್ಚು ಹಣ ತೆರುತ್ತಾರೆ. ಗೋಡೆಗೆ ತೂಗಿದ ಸಾಮಾನ್ಯ ಯಂತ್ರವು ಒಳಗಿನ ಗಾಳಿಯನ್ನೇ ತಣಿಸಿ ಮತ್ತೆ ಮತ್ತೆ ತಿರುಗಿಸುತ್ತದೆಯೆಂಬುದು ಅವರ ಗಮನಕ್ಕೆ ಬಾರದು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಕೂಡ ಕೋಣೆ, ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಆಟದ ಬಯಲುಗಳನ್ನು ಹೆಸರಿಸಿ ಕಿಟಕಿಯ ಮಾತೆತ್ತಿಲ್ಲ.

ಹೊರಗಿನ ಗಾಳಿಯಲ್ಲಿ ಇಂಗಾಲಾಮ್ಲವು ನೂರಕ್ಕೆ ಸುಮಾರು 0.04 ಭಾಗ, ಮನುಷ್ಯನು ಬಿಡುವ ಉಸಿರಿನಲ್ಲಿ ಸುಮಾರು 4 ಭಾಗ. ಕೋಣೆಯಲ್ಲಿ ಅದು 0.1 ಭಾಗವನ್ನು ಮೀರಬಾರದೆಂದು ಜರ್ಮನಿಯ ಮ್ಯೂನಿಚ್ ನಗರದ ವಿಜ್ಞಾನಿ ಪೆಟೆನ್‌ಕೋಫರ್ 1858ರಲ್ಲಿಯೇ ಹೇಳಿದರು. ಅಷ್ಟರಿಂದಲೇ ವಿಷವಾಗುತ್ತದೆಂದಲ್ಲ, ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಸೇದುತ್ತಿರುವುದಕ್ಕೆ ಅದು ಸಾಕ್ಷಿ. ನಲವತ್ತು ಮಕ್ಕಳು ಕದವಿಕ್ಕಿ ಕುಳಿತ ಕೋಣೆ ಒಂದು ಪಾಠ ಮುಗಿಯುವ ಮೊದಲೇ ಆ ಮಿತಿಯನ್ನು ದಾಟುತ್ತದೆ. ಮಧ್ಯಾಹ್ನದ ತೂಕಡಿಕೆಗೂ ತಲೆನೋವಿಗೂ ಹುಡುಗನ ಸೋಮಾರಿತನವೇ ಕಾರಣವಲ್ಲದಿರಬಹುದು. ಒಬ್ಬನ ನೆಗಡಿ ತರಗತಿಗೆಲ್ಲ ಹಬ್ಬುವುದೂ ಇಂಥಲ್ಲಿಯೇ.

ತೊಡಕೆಂದರೆ, ಶಾಲೆ ನೋಡಲು ಹೋಗುವುದು ಬೇಸಿಗೆಯ ರಜೆಯಲ್ಲಿ. ಖಾಲಿ ಕೋಣೆ ಯಾರಿಗೆ ತಾನೆ ಹಿತವಾಗದು? ಮುಂದಿನ ವರ್ಷದ ಪ್ರವೇಶಕ್ಕಾಗಿ ಈ ಮಳೆಗಾಲದಲ್ಲೇ, ಮಧ್ಯಾಹ್ನ ಮೂರರ ವೇಳೆಗೆ, ಪಾಠ ನಡೆಯುತ್ತಿರುವಾಗ ಹೊಸ್ತಿಲಲ್ಲಿ ನಿಂತು ಬರುವುದು ಲೇಸು. ಮೂಗೇ ವರದಿ ಕೊಡುತ್ತದೆ. ಎದುರುಬದುರು ಗೋಡೆಗಳಲ್ಲಿ ಕಿಟಕಿಗಳುಂಟೆ, ಅವು ತೆರೆಯುತ್ತವೆಯೇ ಅಥವಾ ಬೀರು ಅಡ್ಡ ನಿಂತಿದೆಯೇ, ಗೋಡೆಯ ಮೂಲೆ ತೇವದಿಂದ ಕಪ್ಪಿಟ್ಟಿದೆಯೇ ಎಂದು ನೋಡಬೇಕು. ತೆಂಗಿನ ನಾಡಿನಲ್ಲಿ ಇನ್ನೊಂದು ಮಾತು: ಕರಟ ಸುಟ್ಟು ಇದ್ದಲು ಮಾಡುವ ಗುಂಡಿಯು ಗಾಳಿ ಬೀಸುವ ದಿಕ್ಕಿಗಿದ್ದರೆ ತೆರೆದ ಕಿಟಕಿಯಿಂದ ಒಳಬರುವುದು ಹೊಗೆಯೇ. ನಗರದಲ್ಲಿ ಆ ಕೆಲಸವನ್ನು ಹೆಬ್ಬಾಗಿಲಲ್ಲಿ ಇಂಜಿನ್ ನಿಲ್ಲಿಸದೆ ಕಾಯುವ ಬಸ್ಸುಗಳು ಮಾಡುತ್ತವೆ.

ಶಾಲೆ ಬದಲಿಸುವ ಅನುಕೂಲವಿಲ್ಲದವರೂ ಕೈಕಟ್ಟಿ ಕೂರಬೇಕಾಗಿಲ್ಲ. ಸರ್ಕಾರಿ ಶಾಲೆಗಳ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ತಾಯಿತಂದೆಯರೇ ಇರುತ್ತಾರೆ; ಈ ಸಲ ಗೋಡೆಗೆ ಬಣ್ಣ ಬಳಿಸುವ ಬದಲು ಅದೇ ಗೋಡೆಗೊಂದು ಕಿಟಕಿ ಇಡಿಸಿರೆಂದು ಅಲ್ಲಿ ಕೇಳಬಹುದು.