ಮುಖಗಳಿವೆ, ಹೆಸರುಗಳೆಲ್ಲಿ?

ನಮ್ಮ ಮನೆಯ ಅಟ್ಟದ ಮೇಲೆ ಮೂರು ತಗಡಿನ ಡಬ್ಬಿಗಳಿದ್ದವು. ಒಂದು ಕಾಲಕ್ಕೆ ಕರದಂಟು ತುಂಬಿಕೊಂಡು ಬಂದ ಡಬ್ಬಿಗಳು ಅವು. ಕರದಂಟು ತಿಂದು ಮುಗಿದ ಮೇಲೆ ಅವುಗಳಲ್ಲಿ ನನ್ನ ನೆಗೆಟಿವ್‌ಗಳು ಸೇರಿಕೊಂಡವು. ಹುಕ್ಕೇರಿಯಲ್ಲಿ ಹನ್ನೊಂದು ವರ್ಷ, ಮೂಡಲಗಿಯಲ್ಲಿ ಹದಿನೆಂಟು ವರ್ಷ, ಕೊನೆಗೆ ಗೋಕಾಕದಲ್ಲಿ ಆರು ವರ್ಷ ಮಾಡಿದ ಮಾಸ್ತರಿಕೆಯ ಬಹುಭಾಗ ಆ ಡಬ್ಬಿಗಳಲ್ಲಿ ಕತ್ತಲೆ ಬೆಳಕು ಅದಲುಬದಲಾಗಿ ಮಲಗಿತ್ತು. 2020ರಲ್ಲಿ ನಿವೃತ್ತನಾದಾಗ ಬಂದ ಹಣದಲ್ಲಿ ಒಂದು ಫಿಲ್ಮ್ ಸ್ಕ್ಯಾನರ್ ಕೊಂಡು ಅವುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸತೊಡಗಿದೆ.

ಈ ಸುದ್ದಿ ತಿಳಿದ ಮೇಲೆ ನಿಮ್ಮಲ್ಲಿ ಅನೇಕರು ಫೋನು ಮಾಡಿ ಕೇಳಿದ್ದೀರಿ: "ಸರ, ನಮ್ಮ ಮನ್ಯಾಗೂ ಹಳೇ ನೆಗೆಟಿವ್ ಅದಾವ್ರಿ. ಯಾವ ಸ್ಕ್ಯಾನರ್ ತಗೋಬೇಕ್ರಿ?" ಉತ್ತರವನ್ನು ಖಂಡಿತ ಹೇಳುತ್ತೇನೆ. ಆದರೆ ಅದು ಎರಡನೆಯ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದಿದೆ. ಅದನ್ನು ನಾನು ತಡವಾಗಿ ಕೇಳಿಕೊಂಡೆ. ಆ ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಹುಕ್ಕೇರಿಯ ದಿನಗಳಲ್ಲಿ ನನ್ನ ಬಳಿ ಇದ್ದದ್ದು ಆಗ್ಫಾ ಕ್ಲಿಕ್ 3. ಒಂದು ರೋಲಿಗೆ ಹನ್ನೆರಡೇ ಚೌಕ ಚಿತ್ರಗಳು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ 'ಇಂದು' ಹೆಸರಿನ ಕಪ್ಪು-ಬಿಳುಪು ಫಿಲ್ಮನ್ನು ಹಾಕುತ್ತಿದ್ದೆ. ಸಂಬಳ ಅಷ್ಟಕ್ಕಷ್ಟೇ ಆಗಿದ್ದರಿಂದ ಒಂದು ಚಿತ್ರ ತೆಗೆಯುವ ಮೊದಲು ಎರಡು ಸಲ ಯೋಚಿಸುತ್ತಿದ್ದೆ. ಮೂಡಲಗಿಗೆ ಬಂದ ಮೇಲೆ ಯಾಶಿಕಾ ಕ್ಯಾಮೆರಾ ಬಂತು, ಬಣ್ಣದ ಫಿಲ್ಮು ಬಂತು, ರೋಲಿಗೆ ಮೂವತ್ತಾರು ಚಿತ್ರಗಳಾದವು. ನಿಮ್ಮ ಖೋ-ಖೋ ತಂಡ, ಸ್ನೇಹ ಸಮ್ಮೇಳನ, ಬೀಳ್ಕೊಡುಗೆ, ಪ್ರವಾಸ ಎಲ್ಲವೂ ಆ ಡಬ್ಬಿಗಳಿಗೆ ಹೋದವು. ಯಾವ ಲಕೋಟೆಯ ಮೇಲೂ ನಾನು ಒಂದು ಹೆಸರನ್ನೂ ಬರೆಯಲಿಲ್ಲ. ದಿನವೂ ಹಾಜರಿ ಕೂಗುತ್ತಿದ್ದ ಬಾಯಿ, ಈ ಹೆಸರುಗಳನ್ನು ಮರೆಯುವುದುಂಟೇ ಎಂಬ ಹಮ್ಮು.

2019ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭೆ ಉಕ್ಕಿ ಬಂದದ್ದನ್ನು ನೀವು ಯಾರೂ ಮರೆತಿರಲಾರಿರಿ. ಹಿಡಕಲ್ ಜಲಾಶಯದಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರೂ ಸೇರಿ ಲೋಳಸೂರು ಸೇತುವೆ ಮುಳುಗಿತು, ಗೋಕಾಕದ ತಗ್ಗಿನ ಓಣಿಗಳು ಮುಳುಗಿದವು, ಮೂಡಲಗಿ ಭಾಗದ ನದಿದಂಡೆಯ ಹಳ್ಳಿಗಳು ಜಲಾವೃತವಾದವು. ನೀರು ಇಳಿದ ಕೆಲವು ವಾರಗಳ ಮೇಲೆ ಆ ಹಳ್ಳಿಗಳಲ್ಲೊಂದರ ನನ್ನ ಹಳೆಯ ವಿದ್ಯಾರ್ಥಿ ಮನೆಗೆ ಬಂದ. ಗೋಡೆ ಬಿದ್ದದ್ದು, ಜೋಳದ ಚೀಲಗಳು ಮೊಳೆತದ್ದು ಎಲ್ಲವನ್ನೂ ಸಮಾಧಾನದಿಂದಲೇ ಹೇಳಿದ. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, "ಸರ, ನಮ್ಮವ್ವಂದು ಒಂದ ಫೋಟೋ ಇತ್ರಿ. ನೀರಾಗ ಕಾಜಿಗೆ ಹತ್ತಿಕೊಂಡು ಮುಖನ ಅಳಿಸಿ ಹೋತು. ನಿಮ್ಮ ಕಡೆ ಏನರ ಐತೇನ್ರಿ?" ಎಂದು ಕೇಳಿದ. ತಾಯಿ 2003ರಲ್ಲೇ ತೀರಿಕೊಂಡಿದ್ದಳು.

ನನಗೆ ನೆನಪಾಯಿತು. 1998ರ ಡಿಸೆಂಬರಿನಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಗೋಕಾಕ ಜಲಪಾತ ಮತ್ತು ಹಿಡಕಲ್ ಅಣೆಕಟ್ಟೆ ನೋಡಲು ಕರೆದೊಯ್ದಿದ್ದೆವು. ಬಸ್ಸು ಹೊರಡುವಾಗ ಬುತ್ತಿ ಕೊಡಲು ಬಂದ ತಾಯಂದಿರ ಒಂದು ಚಿತ್ರವನ್ನು ತೆಗೆದಿದ್ದೆ. ಆದರೆ ಅದು ಯಾವ ಡಬ್ಬಿಯಲ್ಲಿ, ಯಾವ ಪಟ್ಟಿಯಲ್ಲಿ? ಕಿಟಕಿಯ ಬೆಳಕಿಗೆ ಹಿಡಿದು ಎರಡು ದಿನ ಹುಡುಕಿದೆ. ಬಣ್ಣದ ನೆಗೆಟಿವ್ ಎಂದರೆ ಕಿತ್ತಳೆ ಬಣ್ಣದ ಮಸುಕು. ಅದರೊಳಗೆ ಬಿಳಿಯ ಕೂದಲು, ಕಪ್ಪು ಹಲ್ಲು. ಎಲ್ಲರೂ ಭೂತಗಳಂತೆ ಕಂಡರು. ಸ್ಕ್ಯಾನರ್ ಕೊಳ್ಳುವ ನಿರ್ಧಾರ ಹುಟ್ಟಿದ್ದು ಆ ದಿನ.

ಮರುವರ್ಷ ಯಂತ್ರ ಬಂತು. ಎಪ್ಸನ್ ಪರ್ಫೆಕ್ಷನ್ ವಿ600. ಕಾಗದದ ಜೊತೆಗೆ ಫಿಲ್ಮನ್ನೂ ಓದಬಲ್ಲದ್ದು. ನಾನು ಹೊಸ ಆಟಿಕೆ ಸಿಕ್ಕ ಹುಡುಗನಂತಾದೆ. ಎಷ್ಟು ಡಿಪಿಐ ಇಡಬೇಕು, ಧೂಳಿನ ಚುಕ್ಕೆ ಹೇಗೆ ತೆಗೆಯಬೇಕು, ಮಾಸಿದ ಬಣ್ಣ ಹೇಗೆ ತಿದ್ದಬೇಕು ಎಂದು ತಿಂಗಳುಗಟ್ಟಲೆ ಕುಳಿತೆ. ಒಂದು ಬಂಡೆಯ ಮೇಲಿನ ಪಾಚಿಯ ಬಣ್ಣ ಸರಿಮಾಡಲು ಇಡೀ ಸಂಜೆ ಕಳೆದದ್ದುಂಟು. ಒಮ್ಮೆ ಪಟ್ಟಿಯನ್ನು ಬೋರಲು ಹಾಕಿ ಸ್ಕ್ಯಾನ್ ಮಾಡಿ ಹುಕ್ಕೇರಿಯ ತಂಡದ ಚಿತ್ರವನ್ನು ಕಳಿಸಿಬಿಟ್ಟಿದ್ದೆ. "ಸರ, ನನ್ನ ಅಂಗಿ ಕಿಸೆ ಬಲಕ್ಕ ಯಾವಾಗ ಬಂತ್ರಿ?" ಎಂದು ಒಬ್ಬ ಕೇಳಿದಾಗ ನಾಚಿಕೆಯಾಯಿತು.

ನವೆಂಬರಿನಲ್ಲಿ ಆ ಚಿತ್ರ ಸಿಕ್ಕಿತು. ಬಸ್ಸಿನ ಬಾಗಿಲ ಬಳಿ ಮೂವರು ಹೆಣ್ಣುಮಕ್ಕಳು, ತಲೆಯ ಮೇಲೆ ಸೆರಗು, ಕೈಯಲ್ಲಿ ರೊಟ್ಟಿಯ ಗಂಟು. ಕಳಿಸಿದ ಮರುದಿನವೇ ಆ ವಿದ್ಯಾರ್ಥಿ ಹೆಂಡತಿ ಮಕ್ಕಳೊಡನೆ ಬಂದ. ಪರದೆಯ ಮೇಲೆ ನಡುವಿನ ಹೆಂಗಸನ್ನು ಮುಟ್ಟಿ, "ಇಕಿನ ರೀ ಸರ, ನಮ್ಮವ್ವ" ಎಂದ. ಆಮೇಲೆ ಬಹಳ ಹೊತ್ತು ಮಾತನಾಡಲಿಲ್ಲ. ಅವನ ಸಣ್ಣ ಮಗಳು ಅಜ್ಜಿಯನ್ನು ನೋಡುತ್ತಿದ್ದದ್ದು ಅದೇ ಮೊದಲ ಸಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಸ್ಕ್ಯಾನರಿನ ಗುಣಗಾನ ಮಾಡಿ ನಾನೂ ಮುಗಿಸುತ್ತಿದ್ದೆ. ಉಳಿದ ಇಬ್ಬರು ಯಾರು? ಅವನಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ತಿಳಿದಿದ್ದವರು ಒಬ್ಬರಿದ್ದರು: ನಮ್ಮ ಮೂಡಲಗಿ ಶಾಲೆಯ ಸಿಪಾಯಿ. ನೀವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದಿರಿ. ಯಾವ ಹುಡುಗ ಯಾವ ಮನೆಯವನು, ಅವನ ತಾಯಿಯ ತವರು ಯಾವುದು, ತಂದೆಗೆ ಎಷ್ಟು ಎಕರೆ ಹೊಲ, ಎಲ್ಲವೂ ಅವರ ನಾಲಿಗೆಯ ಮೇಲಿತ್ತು. ಕಣ್ಣು ಮಂದವಾಗಿದ್ದರಿಂದ ಅವರಿಗೆ ಫೋನಿನಲ್ಲಿ ತೋರಿಸುವಂತಿರಲಿಲ್ಲ. ದೊಡ್ಡದಾಗಿ ಮುದ್ರಿಸಿ ಎದುರು ಕುಳಿತು ಕೇಳಬೇಕಿತ್ತು. ಹೋಗೋಣ, ಎಲ್ಲ ಚಿತ್ರಗಳನ್ನು ಚೊಕ್ಕ ಮಾಡಿಕೊಂಡು ಒಮ್ಮೆಲೇ ಹೋಗೋಣ ಎಂದುಕೊಂಡೆ. ಗೋಕಾಕದಿಂದ ಮೂಡಲಗಿ ಏನು ಕಾಶಿಯೇ? 2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ, ಕಾಕಾ ತೀರಿಕೊಂಡರು. ನನ್ನ ಬಳಿ ಧೂಳಿಲ್ಲದ, ಬಣ್ಣ ತಿದ್ದಿದ, ಹೆಸರಿಲ್ಲದ ನಾನೂರು ಚಿತ್ರಗಳು ಉಳಿದವು.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಸ್ಕ್ಯಾನರ್ ಮುಖಗಳನ್ನು ಉಳಿಸುತ್ತದೆ. ಹೆಸರುಗಳನ್ನು ಉಳಿಸುವ ಯಂತ್ರ ಇನ್ನೂ ಬಂದಿಲ್ಲ. ಹೆಸರುಗಳು ಇರುವುದು ಮನೆಯ ಹಿರಿಯರ ನೆನಪಿನಲ್ಲಿ. ಜೋಪಾನವಾಗಿಟ್ಟ ಕಪ್ಪು-ಬಿಳುಪು ನೆಗೆಟಿವ್ ನೂರು ವರ್ಷ ಬಾಳೀತು. ಎಂಬತ್ತು ದಾಟಿದ ನಿಮ್ಮ ದೊಡ್ಡಮ್ಮನ ವಿಷಯದಲ್ಲಿ ಆ ಭರವಸೆ ಕೊಡುವವರು ಯಾರೂ ಇಲ್ಲ. ಮೊದಲು ಹಿರಿಯರ ಹತ್ತಿರ ಹೋಗಿ, ಆಮೇಲೆ ಯಂತ್ರದ ಹತ್ತಿರ.

ಆ ಪ್ರವಾಸದ ಇನ್ನೊಂದು ಚಿತ್ರದ ಮಾತು ಹೇಳುತ್ತೇನೆ. ಇಪ್ಪತ್ತು ಮಕ್ಕಳು ಬೆನ್ನು ತಿರುಗಿಸಿ ನಿಂತು ಹಿಡಕಲ್ ಜಲಾಶಯವನ್ನು ನೋಡುತ್ತಿದ್ದಾರೆ. ಎದುರಿಗೆ ಬರೀ ನೀರು. ನೋಡಿದವರು, ಫಿಲ್ಮು ದಂಡ ಮಾಡಿದ್ದಾರೆ ಮಾಸ್ತರು ಎಂದಾರು. ಆದರೆ ಆ ಹೊತ್ತಿನಲ್ಲಿ ನಾನು ಅವರಿಗೆ, ಈ ನೀರಿನಡಿ ಹುನ್ನೂರಿನ ವಿಠ್ಠಲನ ಗುಡಿ ಇದೆ, ಬೇಸಿಗೆಯಲ್ಲಿ ನೀರು ತಗ್ಗಿದಾಗ ಮೇಲೆ ಕಾಣುತ್ತದೆ ಎಂದು ಹೇಳಿದ್ದೆ. ಮಕ್ಕಳು ಕಾಣದ ಗುಡಿಯನ್ನು ಹುಡುಕುತ್ತಿದ್ದಾರೆ. ಈ ಎರಡು ಸಾಲು ಬರೆದಿಡದಿದ್ದರೆ ಆ ಚಿತ್ರಕ್ಕೆ ಏನರ್ಥ?

"ಇದೆಲ್ಲ ಯಾರಿಗೆ ಪುರುಸೊತ್ತು ಸರ, ಅಂಗಡಿಗೆ ಕೊಟ್ಟರೆ ಒಂದೇ ವಾರದಲ್ಲಿ ಪೆನ್‌ಡ್ರೈವಿನಲ್ಲಿ ಹಾಕಿ ಕೊಡುತ್ತಾರೆ" ಎಂದು ಬೆಂಗಳೂರಿನಲ್ಲಿರುವವರು ಹೇಳುತ್ತೀರಿ. ಕೊಡಿ, ತಪ್ಪಿಲ್ಲ. ನುರಿತವರು ನನಗಿಂತ ಚೆನ್ನಾಗಿಯೇ ಮಾಡುತ್ತಾರೆ. ಆದರೆ ಸಾವಿರ ಚಿತ್ರಗಳ ಆ ಪೆನ್‌ಡ್ರೈವು ಹೆಸರಿಲ್ಲದಿದ್ದರೆ ಇನ್ನೊಂದು ಕರದಂಟಿನ ಡಬ್ಬಿಯಷ್ಟೇ. ಮನೆಯಲ್ಲಿ ನಿಧಾನವಾಗಿ ಮಾಡುವುದರಲ್ಲಿ ಒಂದು ಲಾಭವಿದೆ. ಒಂದು ಪಟ್ಟಿ ಓದಲು ಯಂತ್ರಕ್ಕೆ ಕೆಲವು ನಿಮಿಷ ಬೇಕು. ಆ ನಿಮಿಷಗಳಲ್ಲಿ ಪಕ್ಕದಲ್ಲಿ ಕುಳಿತ ಅಜ್ಜಿ ಮಾತನಾಡುತ್ತಾಳೆ. ಯಂತ್ರದ ನಿಧಾನವೇ ಅಲ್ಲಿ ಉಪಕಾರಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೊದಲು ಯಾವ ಪಟ್ಟಿಯಲ್ಲಿ ಏನಿದೆ ಎಂದು ತಿಳಿಯಲು ಯಾವ ಸ್ಕ್ಯಾನರೂ ಬೇಡ. ಒಂದು ಫೋನಿನ ಪರದೆಯನ್ನು ಪೂರ್ತಿ ಬಿಳಿ ಮಾಡಿ, ನೆಗೆಟಿವನ್ನು ಅದರ ಮೇಲೆ ತುಸು ಎತ್ತರಿಸಿ ಹಿಡಿದು, ಇನ್ನೊಂದು ಫೋನಿನಿಂದ ಚಿತ್ರ ತೆಗೆದು ಬಣ್ಣ ತಿರುವುಮುರುವು ಮಾಡಿರಿ. ಗುರುತು ಹಿಡಿಯಲು ಅಷ್ಟು ಸಾಕು. ಇಷ್ಟನ್ನೇ ಮಾಡಿಕೊಂಡು ಹಿರಿಯರ ಮುಂದೆ ಕುಳಿತು ಹೆಸರು ಬರೆದುಕೊಳ್ಳಿ. ನಾನು ಮಾಡಬೇಕಿದ್ದ ಕೆಲಸ ಇದೇ.

ಆಮೇಲೆ ಸ್ಕ್ಯಾನಿಂಗ್. ಮೂವತ್ತೈದು ಮಿಲಿಮೀಟರ್ ಫಿಲ್ಮಿನ ಒಂದು ಚಿತ್ರ 36ಕ್ಕೆ 24 ಮಿಲಿಮೀಟರ್ ಇರುತ್ತದೆ. 2400 ಡಿಪಿಐಗೆ ಇಟ್ಟರೆ ಸುಮಾರು ಎಪ್ಪತ್ತೇಳು ಲಕ್ಷ ಚುಕ್ಕೆಗಳ ಚಿತ್ರ ಬರುತ್ತದೆ. ಗೋಡೆಗೆ ತೂಗುಹಾಕುವಷ್ಟು ದೊಡ್ಡದಾಗಿ ಮುದ್ರಿಸಬಹುದು. ಕ್ಲಿಕ್ 3ರಂಥ ಕ್ಯಾಮೆರಾಗಳ ಅಗಲ ಫಿಲ್ಮಿಗೆ 1200 ಸಾಕು. ಅತಿಗೆಂಪು ಕಿರಣದಿಂದ ಧೂಳನ್ನು ಗುರುತಿಸಿ ಅಳಿಸುವ ಅನುಕೂಲ ಕೆಲವು ಯಂತ್ರಗಳಲ್ಲಿದೆ. ಬಣ್ಣದ ಫಿಲ್ಮಿಗೆ ಅದು ವರದಾನ. ಕಪ್ಪು-ಬಿಳುಪು ಫಿಲ್ಮಿಗೆ ಮಾತ್ರ ಬಳಸಬೇಡಿ. ಅದರಲ್ಲಿ ಚಿತ್ರವನ್ನು ಮೂಡಿಸಿರುವ ಬೆಳ್ಳಿಯನ್ನೇ ಯಂತ್ರ ಧೂಳೆಂದು ತಿಳಿದುಬಿಡುತ್ತದೆ. ಮಂಕಾದ ಬದಿ ಲೇಪದ್ದು, ಹೊಳೆಯುವ ಬದಿ ಹಿಂಬದಿ. ಅಂಗಿಯ ಕಿಸೆ, ಅಂಗಡಿಯ ಬೋರ್ಡು ನೋಡಿ ಖಾತ್ರಿ ಮಾಡಿಕೊಳ್ಳಿ. ಅಂಚನ್ನಷ್ಟೇ ಹಿಡಿಯಿರಿ, ಬೆರಳು ತಾಗಿಸಬೇಡಿ. ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಫಿಲ್ಮು ಕೊಳೆಯತೊಡಗಿದೆ ಎಂದರ್ಥ. ಅದನ್ನು ಉಳಿದವುಗಳಿಂದ ಬೇರೆಯಿಟ್ಟು ಮೊದಲು ಸ್ಕ್ಯಾನ್ ಮಾಡಿರಿ.

ನದಿದಂಡೆಯವರಿಗೆ ಒಂದು ಮಾತು. ನೆಗೆಟಿವ್ ನೆನೆದರೆ ಗಾಬರಿಯಿಂದ ಒಣಗಿಸಿ ಕಿತ್ತು ಬಿಡಿಸಬೇಡಿ. ಒಣಗಿದಾಗ ಲೇಪ ಒಂದಕ್ಕೊಂದು ಅಂಟಿ ಕಿತ್ತುಬರುತ್ತದೆ. ತಣ್ಣನೆಯ ಶುದ್ಧ ನೀರಿನಲ್ಲಿ ತೊಳೆದು, ನೀರಿನಲ್ಲಿಯೇ ಮೆಲ್ಲಗೆ ಬಿಡಿಸಿ, ಉಜ್ಜದೆ, ಅಂಚಿಗೆ ಚಿಮಟಿ ಹಾಕಿ ನೆರಳಿನಲ್ಲಿ ತೂಗುಬಿಡಿ.

ಕೊನೆಯದಾಗಿ, ಸ್ಕ್ಯಾನ್ ಆಯಿತೆಂದು ನೆಗೆಟಿವನ್ನು ಎಸೆಯಬೇಡಿ. ಚಿತ್ರ ತೆಗೆದ ಆ ಗಳಿಗೆಯಲ್ಲಿ ನಿಮ್ಮ ತಂದೆಯ ಮುಖದಿಂದ ಹೊರಟ ಬೆಳಕು ನೇರವಾಗಿ ಬಂದು ಬಿದ್ದದ್ದು ಆ ಫಿಲ್ಮಿನ ಮೇಲೆ. ಉಳಿದವೆಲ್ಲ ಅದರ ನಕಲುಗಳು. ಫೋನು ಕಳೆಯುತ್ತದೆ, ಹಾರ್ಡ್ ಡಿಸ್ಕ್ ಕೆಡುತ್ತದೆ, ಪಾಸ್‌ವರ್ಡ್ ಮರೆತುಹೋಗುತ್ತದೆ. ನನ್ನ ಮದುವೆಯ ನೆಗೆಟಿವ್ ಕೇಳಲು ಹೋದಾಗ ಆ ಸ್ಟುಡಿಯೋ ಮುಚ್ಚಿತ್ತು, ಹಳೆಯ ನೆಗೆಟಿವ್‌ಗಳೆಲ್ಲ ರದ್ದಿಗೆ ಹೋಗಿದ್ದವು. ಊಟಿಯ ಆ ಕಾರ್ಖಾನೆಯೂ ಮುಚ್ಚಿತು. ಕೊಡಾಕ್ರೋಮ್ ಎಂಬ ಜಗತ್ಪ್ರಸಿದ್ಧ ಸ್ಲೈಡ್ ಫಿಲ್ಮನ್ನು ತೊಳೆಯುತ್ತಿದ್ದ ಅಮೆರಿಕದ ಕೊನೆಯ ಪ್ರಯೋಗಾಲಯ 2010ರ ಡಿಸೆಂಬರಿನಲ್ಲಿ ಹೊಸ ರೋಲುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ನಮ್ಮ ಕೈಯಲ್ಲಿ ಉಳಿದದ್ದನ್ನು ನಾವೇ ಕಾಯಬೇಕು. ಪ್ರತಿಯೊಂದರ ಮೂರು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿರಲಿ, ಹೆಸರುಗಳ ಪಟ್ಟಿ ಕಾಗದದ ಮೇಲೂ ಇರಲಿ.

ನಾನು ಈಗ ಯಂತ್ರವನ್ನು ಬದಿಗಿಟ್ಟು ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ, ಹಿಂಬದಿಗೆ ಪೆನ್ಸಿಲ್ಲಿನಿಂದ ಹೆಸರು ಬರೆಯುವ ಕೆಲಸಕ್ಕೆ ಹತ್ತಿದ್ದೇನೆ. ನಾನೂರರಲ್ಲಿ ಇನ್ನೂರ ಹತ್ತರಷ್ಟು ಆಗಿವೆ. ನಿಮ್ಮ ತಂದೆತಾಯಿಗಳನ್ನು, ಚಿಗವ್ವ-ದೊಡ್ಡವ್ವಂದಿರನ್ನು ಕರೆದುಕೊಂಡು ಒಂದು ರವಿವಾರ ಗೋಕಾಕಕ್ಕೆ ಬನ್ನಿ. ಚಹಾ, ಚುರಮರಿ ನಮ್ಮ ಮನೆಯದು. 1998ರಲ್ಲಿ ಆ ಬಸ್ಸು ಹತ್ತಿದವರು ತಪ್ಪದೆ ಬನ್ನಿ. ಒಬ್ಬಾಕೆಯ ಮೂಗಿನಲ್ಲಿ ನತ್ತಿದೆ, ಇನ್ನೊಬ್ಬಾಕೆಯ ಕಂಕುಳಲ್ಲಿ ಕೂಸಿದೆ. ಅವರು ನಿಮ್ಮಲ್ಲಿ ಯಾರದೋ ಅವ್ವಂದಿರು. ಅವರ ಹೆಸರು ಬರೆಯಬೇಕಾದ ಜಾಗವನ್ನು ಖಾಲಿ ಬಿಟ್ಟುಕೊಂಡು ಕುಳಿತಿದ್ದೇನೆ.