ಅಗ್ಗದ ವಿಮಾನ, ದುಬಾರಿ ಹೊಣೆ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇಬ್ಬರು ಪಾಲುದಾರರೊಡನೆ ಸೇರಿ, ಬಳಸಿದ ಪುಟ್ಟ ಜೆಟ್ ವಿಮಾನವೊಂದನ್ನು ಕೊಳ್ಳುವ ಆಲೋಚನೆಯಲ್ಲಿದ್ದು ನನ್ನ ಅಭಿಪ್ರಾಯ ಕೇಳಿದ್ದಾರೆ. ಗಣಿತ ಕಲಿಸಿದವನಿಗೆ ವಿಮಾನದ ಗೊಡವೆಯೇಕೆಂದು ನೀವು ನಗಬಹುದು. ಆದರೆ ಇದು ಮೂಲತಃ ಲೆಕ್ಕದ ಪ್ರಶ್ನೆಯೇ. ಬೆಲೆಯೆಂಬುದು ಆ ಲೆಕ್ಕದ ಮೊದಲ ಸಾಲು ಮಾತ್ರ.

ಎಕ್ಲಿಪ್ಸ್ 500 ಎಂಬ ವಿಮಾನದ ಕಥೆಯನ್ನೇ ನೋಡೋಣ. ಮೈಕ್ರೋಸಾಫ್ಟ್‌ನಲ್ಲಿ ದುಡಿದಿದ್ದ ವರ್ನ್ ರಾಬರ್ನ್ 1998ರಲ್ಲಿ ಸ್ಥಾಪಿಸಿದ ಸಂಸ್ಥೆಯು ಹತ್ತು ಲಕ್ಷ ಡಾಲರಿಗೂ ಕಡಿಮೆ ಬೆಲೆಗೆ ಎರಡು ಎಂಜಿನ್‌ಗಳ ಜೆಟ್ ಕೊಡುವುದಾಗಿ ಸಾರಿತು. ಮೊದಲು ಆರಿಸಿದ ಎಂಜಿನನ್ನು 2002ರಲ್ಲಿ ಕೈಬಿಡಬೇಕಾಯಿತು. ಬೆಲೆ ಏರುತ್ತಲೇ ಹೋಯಿತು. 2006ರಲ್ಲಿ ಪ್ರಮಾಣಪತ್ರ ದೊರೆತು ಸುಮಾರು 260 ವಿಮಾನಗಳು ಹೊರಬಂದವು. 2008ರ ಜೂನ್‌ನಲ್ಲಿ ಷಿಕಾಗೋದ ಮಿಡ್‌ವೇ ನಿಲ್ದಾಣದಲ್ಲಿ ಇಳಿಯುತ್ತಿದ್ದ ಒಂದರ ಎರಡೂ ಎಂಜಿನ್‌ಗಳು ಪೂರ್ಣಶಕ್ತಿಯಲ್ಲಿ ಸಿಲುಕಿಕೊಂಡವು. ಅದೃಷ್ಟವಶಾತ್ ಯಾರಿಗೂ ಗಾಯವಾಗಲಿಲ್ಲ. ಅದೇ ನವೆಂಬರಿನಲ್ಲಿ ಸಂಸ್ಥೆ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿತು. ಅದರ ಆಸ್ತಿಯನ್ನು ಕೊಂಡವರು 2015ರಲ್ಲಿ ಒನ್ ಏವಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅದೂ 2018ರಲ್ಲಿ ದಿವಾಳಿಯಾಯಿತು.

ಆ ವಿಮಾನ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ವಿಮಾನ ಕೊಂಡವನು ಲೋಹದ ಹಕ್ಕಿಯೊಂದನ್ನಷ್ಟೇ ಕೊಳ್ಳುವುದಿಲ್ಲ. ಬಿಡಿಭಾಗ, ತಂತ್ರಾಂಶ, ತಾಂತ್ರಿಕ ಸಲಹೆಗಾಗಿ ತಯಾರಕರ ಆಯುಷ್ಯವನ್ನೂ ನೆಚ್ಚಿಕೊಳ್ಳುತ್ತಾನೆ.

ಇನ್ನು ಎಂಜಿನ್ನಿನ ಲೆಕ್ಕ. ಹಳೆಯ ಸೆಸ್ನಾ ಸೈಟೇಷನ್ ವಿಮಾನಗಳಲ್ಲಿ ಹಲವಕ್ಕೆ, ಎಂಜಿನನ್ನು ಪೂರ್ತಿ ಬಿಚ್ಚಿ ನವೀಕರಿಸಲು 3,500 ಗಂಟೆಗಳ ಮಿತಿಯಿದೆ. 3,200 ಗಂಟೆ ಹಾರಿದ ವಿಮಾನವನ್ನು ಕೊಂಡು ವರ್ಷಕ್ಕೆ 150 ಗಂಟೆ ಹಾರಿಸಿದರೆ, ಎರಡೇ ವರ್ಷದಲ್ಲಿ ಎರಡೂ ಎಂಜಿನ್‌ಗಳ ಖರ್ಚು ಎದುರಿಗೆ ನಿಲ್ಲುತ್ತದೆ. ಹಾಗಾದರೆ ಅಗ್ಗವೆಂದದ್ದು ಅಗ್ಗವೇ? ಕಾನೂನಿನ ಲೆಕ್ಕವೂ ಇದೆ. ಶಬ್ದನಿಯಮವನ್ನು ಪಾಲಿಸದ ಹಳೆಯ ಲಿಯರ್‌ಜೆಟ್‌ಗಳಿಗೆ 2015ರ ಅಂತ್ಯದ ನಂತರ ಅಮೆರಿಕದ ಮುಖ್ಯಭೂಭಾಗದ ಆಕಾಶವೇ ಮುಚ್ಚಿತು.

"ಆನೆ ಬದುಕಿದರೂ ಸಾವಿರ, ಸತ್ತರೂ ಸಾವಿರ" ಎಂಬ ಗಾದೆ ಇಲ್ಲಿ ಸಲ್ಲದು. ನಿಂತ ಜೆಟ್ ನಿಂತಲ್ಲೇ ತಿನ್ನುತ್ತದೆ: ಹ್ಯಾಂಗರಿನ ಬಾಡಿಗೆ, ವಿಮೆ, ಹಾರದಿದ್ದರೂ ತಿಂಗಳುಗಳ ಲೆಕ್ಕದಲ್ಲಿ ಬಂದೊದಗುವ ತಪಾಸಣೆ.

ಆದ್ದರಿಂದ ನನ್ನ ಅಭಿಪ್ರಾಯ ಖಚಿತವಾಗಿದೆ. ಹಣ ಕೈಬಿಡುವ ಮುನ್ನ, ಮಾರುವವರ ಹಂಗಿಲ್ಲದ ಕಾರ್ಯಾಗಾರದಲ್ಲಿ ಪೂರ್ಣ ತಪಾಸಣೆಯಾಗಬೇಕು. ಮೊದಲ ದಿನದಿಂದ ಇಂದಿನವರೆಗಿನ ದಾಖಲೆ ಪುಸ್ತಕಗಳು ಪುಟ ತಪ್ಪದೆ ಸಿಗಬೇಕು. ಪಾಲುದಾರರು ಎಷ್ಟೇ ಆತ್ಮೀಯರಾಗಿದ್ದರೂ ಯಾವ ಖರ್ಚು ಯಾರದೆಂಬುದು ಬರಹದಲ್ಲಿರಬೇಕು. "ತಡಮಾಡಿದರೆ ಬೇರೆಯವರು ಕೊಳ್ಳುತ್ತಾರೆ" ಎಂದು ಮಧ್ಯವರ್ತಿಗಳು ಅವಸರಪಡಿಸುವುದುಂಟು. ಕೊಳ್ಳಲಿ ಬಿಡಿ, ಕೈತಪ್ಪಿದ ವ್ಯಾಪಾರದಿಂದ ಯಾರ ಜೀವವೂ ಹೋಗದು.

ತಾವೇ ಹಾರಿಸುವ ಆಸೆಯುಳ್ಳವರಿಗೆ ಇನ್ನೊಂದು ಮಾತು. ಜೆಟ್ ನಡೆಸಲು ಆಯಾ ಮಾದರಿಗೇ ಪ್ರತ್ಯೇಕ ಅರ್ಹತೆ ಪಡೆಯಬೇಕೆಂಬುದು ಅಲ್ಲಿನ ನಿಯಮ. ಆ ತರಬೇತಿಯ ಖರ್ಚಿನಲ್ಲಿ ಜುಗ್ಗತನ ಸಲ್ಲದು. ಹಿಂದಿನ ಆಸನಗಳಲ್ಲಿ ಕುಳಿತಿರುವವರು ಹೆಂಡತಿ ಮಕ್ಕಳು. ಅವರಿಗೆ ಬೆಲೆಯ ಪಟ್ಟಿ ಗೊತ್ತಿಲ್ಲ. ನಿಮ್ಮ ಮೇಲೆ ನಂಬಿಕೆಯೊಂದೇ ಗೊತ್ತು.